ಮುಯ್ಯಿ ಬೇಡ, ಮುಯ್ಯಾಳು ಸಾಕು

ಒಂದು ಸಣ್ಣ ಲೆಕ್ಕದಿಂದ ಶುರು ಮಾಡೋಣ. ಹಾಸ್ಟೆಲ್ಲಿನ ಒಂದು ವಿಂಗಿನಲ್ಲಿ 12 ಜನ ಇದ್ದಾರೆ ಅಂದುಕೊಳ್ಳಿ. ಒಬ್ಬರ ಹುಟ್ಟುಹಬ್ಬ ಬಂತು ಅಂದರೆ ಉಳಿದ 11 ಜನ ತಲಾ 150 ರೂಪಾಯಿ ಹಾಕ್ತಾರೆ. 1,650 ರೂಪಾಯಿ ಆಯ್ತು. ಅದರಲ್ಲಿ ಒಂದು ಕೇಕ್, ಎರಡು ಪಾರ್ಟಿ ಪಾಪರ್, ಒಂದು ಸ್ನೋ ಸ್ಪ್ರೇ. ಉಳಿದ ದುಡ್ಡಿಗೆ ಕಾಫಿ ಮಗ್ಗೋ ಫೋಟೋ ಫ್ರೇಮೋ ಬರ್ತದೆ. ವರ್ಷ ಮುಗಿಯುವಾಗ ಪ್ರತಿಯೊಬ್ಬರೂ 11 ಸಲ 150 ರೂಪಾಯಿ, ಅಂದರೆ 1,650 ರೂಪಾಯಿ ಕೊಟ್ಟಿರ್ತಾರೆ. ಒಂದು ಸಲ 1,650 ರೂಪಾಯಿಯದ್ದು ಪಡೆದಿರ್ತಾರೆ. ಕೊಟ್ಟದ್ದೂ ಪಡೆದದ್ದೂ ಸಮ. ಆದರೆ ವಿಂಗಿನಿಂದ ಹೊರಗೆ ಹೋದದ್ದು 19,800 ರೂಪಾಯಿ. ಕೇಕಿನ ಅರ್ಧ ಭಾಗ ಮುಖಕ್ಕೆ ಬಳಿದು ಹೋಯ್ತು, ಮಗ್ಗಿನಲ್ಲಿ ಪೆನ್ನು ನಿಂತಿದೆ.

ಇಷ್ಟೇ ಆಗಿದ್ದರೆ ನಾವು ಈ ಲೇಖನ ಬರೀತಿರಲಿಲ್ಲ. ದುಡ್ಡು ಖರ್ಚಾಗ್ತದೆ, ಖುಷಿ ಆಗ್ತದೆ, ಮುಗೀತು. ತೊಂದರೆ ಇರುವುದು ಆ 150 ರೂಪಾಯಿ ಎಲ್ಲರಿಗೂ ಒಂದೇ ಅಲ್ಲ ಅನ್ನುವುದರಲ್ಲಿ. ನಮ್ಮ ಕರಾವಳಿಯ ಉದಾಹರಣೆಯನ್ನೇ ತಗೊಳ್ಳಿ. ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ ನಿಷೇಧ. ಬೋಟಿನ ಕೆಲಸವನ್ನೇ ನಂಬಿದ ಮನೆಗೆ ಆ ಎರಡು ತಿಂಗಳು ಕೈ ಬಿಗಿ. ಅಂಥ ಮನೆಯಿಂದ ಬಂದವನಿಗೆ ಒಂದೇ ವಾರದಲ್ಲಿ ಮೂರು ಹುಟ್ಟುಹಬ್ಬ ಬಂದರೆ 450 ರೂಪಾಯಿ. ವಾಟ್ಸಾಪ್ ಗ್ರೂಪಿನಲ್ಲಿ ಹೆಸರಿನ ಪಟ್ಟಿ, ಕೊಟ್ಟವರ ಹೆಸರಿನ ಮುಂದೆ ಹಸಿರು ಟಿಕ್, ಕೊಡದವರ ಮುಂದೆ ಖಾಲಿ ಜಾಗ. ಖಾಲಿ ಜಾಗ ಇರುವವನು ಏನು ಮಾಡ್ತಾನೆ? ಸಾಲ ಮಾಡಿ ಕೊಡ್ತಾನೆ, ಇಲ್ಲಾ ಆ ದಿನ ರಾತ್ರಿ ಹನ್ನೆರಡು ಗಂಟೆಗೆ ಸರಿಯಾಗಿ ನಿದ್ದೆ ಬಂದವರ ಹಾಗೆ ಹೊದ್ದು ಮಲಗ್ತಾನೆ. "ಅವ ಸ್ವಲ್ಪ ರಿಸರ್ವ್ಡ್ ಮಾರಾಯ" ಅಂತ ನಾವು ಸುಲಭವಾಗಿ ಹೇಳಿಬಿಡ್ತೇವೆ. ಅವ ರಿಸರ್ವ್ಡ್ ಅಲ್ಲದೆಯೂ ಇರಬಹುದು.

ಆದ್ದರಿಂದ ಈ ವರ್ಷ ಕನ್ನಡ ಸಂಘದಿಂದ ನಮ್ಮದೊಂದು ಮಾತು. ಕ್ಯಾಂಪಸ್ಸಿನಲ್ಲಿ ಗೆಳೆಯರ ನಡುವೆ ಕೊಡುವ ಉಡುಗೊರೆ ಕೈಯಲ್ಲಿ ಮಾಡಿದ್ದಾಗಿರಲಿ, 50 ರೂಪಾಯಿ ದಾಟದಿರಲಿ. ಇದು ಬರೀ ಉಳಿತಾಯದ ಮಾತಲ್ಲ. ಯಾಕೆ ಅಂತ ಹೇಳ್ತೇವೆ, ಹೇಗೆ ಅಂತಲೂ ಹೇಳ್ತೇವೆ.

ಎರಡು ಹಳೆಯ ಪದ್ಧತಿ

ಮದುವೆ ಮನೆಗಳಲ್ಲಿ ಮುಯ್ಯಿ ನೀವೆಲ್ಲ ನೋಡಿದ್ದೀರಿ. ಊಟದ ಹೊತ್ತಿಗೆ ಒಬ್ಬರು ನೋಟ್‌ಬುಕ್ ಹಿಡಿದು ಕೂತಿರ್ತಾರೆ. ಯಾರು ಎಷ್ಟು ಕೊಟ್ಟರು ಅಂತ ಹೆಸರು, ಊರು ಸಮೇತ ಬರೆದಿಡ್ತಾರೆ. ನಾಳೆ ಅವರ ಮನೆಯಲ್ಲಿ ಮದುವೆ ಆದಾಗ ಆ ಪುಸ್ತಕ ತೆಗೆದು ನೋಡಿ, ಅಷ್ಟೇ ಅಥವಾ ಸ್ವಲ್ಪ ಹೆಚ್ಚು ವಾಪಸ್ ಕೊಡ್ತಾರೆ. ಮದುವೆ ಖರ್ಚಿಗೆ ಊರವರೆಲ್ಲ ಹೆಗಲು ಕೊಡುವ ಒಳ್ಳೆಯ ಏರ್ಪಾಡು ಅದು. ಆದರೆ ಲೆಕ್ಕ ದುಡ್ಡಿನದ್ದು. ಬಡವರ ಮನೆಗೆ ಬಂದ ದೊಡ್ಡ ಮುಯ್ಯಿ ಅವರ ತಲೆ ಮೇಲಿನ ಸಾಲವೂ ಹೌದು.

ಇದರ ಪಕ್ಕದಲ್ಲೇ ಇನ್ನೊಂದು ಪದ್ಧತಿ ಇತ್ತು, ಮುಯ್ಯಾಳು. ಮಲೆನಾಡಲ್ಲೂ ನಮ್ಮ ಕಡೆಯೂ ನಾಟಿ, ಕೊಯ್ಲಿನ ಕಾಲದಲ್ಲಿ ಕೂಲಿ ಕೊಡದೆ ಒಬ್ಬರ ಗದ್ದೆಗೆ ಇನ್ನೊಬ್ಬರು ಹೋಗಿ ದುಡಿಯುತ್ತಿದ್ದರು. ಇವತ್ತು ನಾನು ನಿನ್ನ ಗದ್ದೆಗೆ ಒಂದು ದಿನ ಬಂದರೆ, ನಾಳೆ ನೀನು ನನ್ನ ಗದ್ದೆಗೆ ಒಂದು ದಿನ. ಇಲ್ಲೂ ಲೆಕ್ಕ ಇದೆ, ಆದರೆ ಅದು ದಿನದ ಲೆಕ್ಕ. ಹತ್ತು ಎಕರೆ ಇದ್ದವನ ಒಂದು ದಿನವೂ ಹತ್ತು ಗುಂಟೆ ಇದ್ದವನ ಒಂದು ದಿನವೂ ಅಲ್ಲಿ ಒಂದೇ ತೂಕ.

ಫ್ರಾನ್ಸಿನ ಸಮಾಜಶಾಸ್ತ್ರಜ್ಞ ಮಾರ್ಸೆಲ್ ಮಾಸ್ 1925ರಲ್ಲಿ ಉಡುಗೊರೆಯ ಬಗ್ಗೆ ಒಂದು ದೀರ್ಘ ಪ್ರಬಂಧ ಪ್ರಕಟಿಸಿದ. ಕೊಡುವುದು, ಪಡೆಯುವುದು, ವಾಪಸ್ ಕೊಡುವುದು ಈ ಮೂರೂ ಕಡ್ಡಾಯ, ಪುಕ್ಕಟೆ ಉಡುಗೊರೆ ಅಂತ ಯಾವ ಸಮಾಜದಲ್ಲೂ ಇಲ್ಲ ಅನ್ನುವುದು ಅವನ ವಾದದ ಸಾರ. ಮುಯ್ಯಿ ಪುಸ್ತಕ ಬರೆಯುವ ನಮ್ಮ ಹಿರಿಯರಿಗೆ ಇದು ಹೊಸ ವಿಷಯ ಅನ್ನಿಸುತ್ತಿರಲಿಲ್ಲ. ವಾಪಸ್ ಕೊಡುವುದು ತಪ್ಪದು ಅಂತಾದರೆ, ಯಾವುದರಲ್ಲಿ ವಾಪಸ್ ಕೊಡಬೇಕು ಅನ್ನುವುದೇ ಪ್ರಶ್ನೆ. ರೂಪಾಯಿಯಲ್ಲಾದರೆ ಕೆಲವರು ಹಿಂದೆ ಬೀಳ್ತಾರೆ. ತಾಸಿನಲ್ಲಾದರೆ ಹೆಚ್ಚು ಕಡಿಮೆ ಎಲ್ಲರೂ ಸಮ. ಕೈಯಲ್ಲಿ ಮಾಡಿದ ಉಡುಗೊರೆ ಅಂದರೆ ನಮ್ಮ ಪಾಲಿಗೆ ಮುಯ್ಯಾಳಿನ ಲೆಕ್ಕ.

ಕೈಯಿಂದ ಮಾಡಿದ್ದು ಅಂದರೆ ಯಾವುದು?

ಇಲ್ಲೊಂದು ಗೊಂದಲ ಬಿಡಿಸಿಕೊಳ್ಳಬೇಕು. 'ಹ್ಯಾಂಡ್‌ಮೇಡ್' ಅನ್ನುವ ಹೆಸರಿನಲ್ಲೇ ಈಗ ದೊಡ್ಡ ಮಾರುಕಟ್ಟೆ ಇದೆ. ವಿಡಿಯೋ ನೋಡಿ ಎಕ್ಸ್‌ಪ್ಲೋಷನ್ ಬಾಕ್ಸ್ ಮಾಡಲು ಹೊರಡಿ. ಗ್ಲಿಟರ್ ಶೀಟ್, ಫೋಮ್ ಶೀಟ್, ಗ್ಲೂ ಗನ್, ಸ್ಯಾಟಿನ್ ರಿಬ್ಬನ್, ಫೋಟೋ ಪ್ರಿಂಟ್ ಅಂತ ಪಟ್ಟಿ ಬೆಳೆದು, ಅಂಗಡಿಯಲ್ಲಿ ಸಿಗುವ ಉಡುಗೊರೆಗಿಂತ ದುಬಾರಿ ಆಗ್ತದೆ. ಗ್ಲಿಟರ್ ಅಂದರೆ ಬಹುಪಾಲು ಪ್ಲಾಸ್ಟಿಕ್ಕಿನ ಚೂರು. ಗುಡಿಸಿದರೂ ಹೋಗುವುದಿಲ್ಲ, ತೊಳೆದರೆ ಚರಂಡಿ ಸೇರ್ತದೆ, ನಮ್ಮೂರಲ್ಲಿ ಚರಂಡಿ ಸೇರಿದ್ದು ಸಮುದ್ರ ಸೇರಲು ಬಹಳ ದೂರ ಇಲ್ಲ.

ಆದ್ದರಿಂದ ನಮ್ಮ ಅಳತೆ ಬೇರೆ. ವಸ್ತು ಇಲ್ಲೇ ಸುತ್ತಮುತ್ತ ಬಿದ್ದಿರಬೇಕು. ಕೆಲಸ ಎರಡು ತಾಸಿನಲ್ಲಿ ಮುಗೀಬೇಕು. ಪಡೆದವರು ಅದನ್ನ ಬಳಸುವಂತಿರಬೇಕು. ಈ ಮೂರಕ್ಕೂ ಹೊಂದುವ ನಾಲ್ಕು ಕೆಲಸ ಇಲ್ಲಿವೆ.

*ಒಂದು, ನೋಟ್‌ಬುಕ್.* ಸೆಮಿಸ್ಟರ್ ಮುಗಿದ ಮೇಲೆ ಲ್ಯಾಬ್ ರೆಕಾರ್ಡಿನಲ್ಲಿ, ನೋಟ್ಸಿನಲ್ಲಿ ಎಷ್ಟು ಖಾಲಿ ಹಾಳೆ ಉಳಿದಿರ್ತದೆ ಅಂತ ಲೆಕ್ಕ ಹಾಕಿ. ಎ4 ಅಳತೆಯ 8 ಹಾಳೆ ಒಟ್ಟಿಗೆ ಇಟ್ಟು ನಡುವೆ ಮಡಚಿ, 32 ಪುಟ ಆಯ್ತು. ಎಂಜಿನಿಯರಿಂಗ್ ಡ್ರಾಯಿಂಗಿನ ಹಳೆಯ ಶೀಟನ್ನು ಹೊರಗಿನ ರಟ್ಟಿನ ಹಾಗೆ ಮಡಚಿ ಹಾಕಿ. ಮಡಿಕೆಯ ಗೆರೆ ಮೇಲೆ ಕಂಪಾಸಿನ ಮೊನೆಯಿಂದ ಮೂರು ತೂತು, ನಡುವೆ ಒಂದು, ಮೇಲೊಂದು, ಕೆಳಗೊಂದು. ದಪ್ಪ ದಾರ ಪೋಣಿಸಿದ ಸೂಜಿಯನ್ನ ಒಳಗಿನಿಂದ ನಡುವಿನ ತೂತಲ್ಲಿ ಹೊರಗೆ ತೆಗೀರಿ, ಮೇಲಿನ ತೂತಿಂದ ಒಳಗೆ ತನ್ನಿ. ಒಳಗಡೆ ನಡುವಿನ ತೂತನ್ನ ಬಿಟ್ಟು ನೇರ ಕೆಳಗಿನ ತೂತಿಗೆ ಹೋಗಿ ಹೊರಗೆ ಬನ್ನಿ, ಮತ್ತೆ ನಡುವಿನ ತೂತಿಂದ ಒಳಗೆ. ಈಗ ದಾರದ ಎರಡು ತುದಿಗಳು ಒಳಗಿನ ಉದ್ದ ಹೊಲಿಗೆಯ ಆಚೆ ಈಚೆ ಇರುವ ಹಾಗೆ ನೋಡಿಕೊಂಡು ಗಂಟು ಹಾಕಿ. ಮುಗೀತು. ಇಪ್ಪತ್ತು ನಿಮಿಷದ ಕೆಲಸ. ಹೊರಗಡೆ ಐಸೊಮೆಟ್ರಿಕ್ ಪ್ರೊಜೆಕ್ಷನ್ನಿನ ಗೆರೆ ಕಾಣ್ತಿದ್ದರೆ ಅದೇ ಅಲಂಕಾರ, ಬೇರೆ ಸ್ಟಿಕ್ಕರ್ ಬೇಡ.

*ಎರಡು, ಬಣ್ಣದ ಕೋಡಿನ ಬುಕ್‌ಮಾರ್ಕ್.* ರೆಸಿಸ್ಟರಿನ ಬಣ್ಣಗಳನ್ನ ಬಾಯಿಪಾಠ ಮಾಡಿದ್ದು ವೈವಾಕ್ಕೆ ಮಾತ್ರ ಅಲ್ಲ. ಕಪ್ಪು ಸೊನ್ನೆ, ಕಂದು ಒಂದು, ಕೆಂಪು ಎರಡು, ಕಿತ್ತಳೆ ಮೂರು, ಹಳದಿ ನಾಲ್ಕು, ಹಸಿರು ಐದು, ನೀಲಿ ಆರು, ನೇರಳೆ ಏಳು, ಬೂದು ಎಂಟು, ಬಿಳಿ ಒಂಬತ್ತು. ಗೆಳತಿಯ ಹುಟ್ಟಿದ ದಿನ ಆಗಸ್ಟ್ 14 ಅಂದರೆ 14-08: ಕಂದು, ಹಳದಿ, ಕಪ್ಪು, ಬೂದು. ಒಂದು ರಟ್ಟಿನ ಪಟ್ಟಿಗೆ ಈ ನಾಲ್ಕು ಬಣ್ಣದ ಹೊಲಿಗೆ ದಾರವನ್ನ ಅಡ್ಡಲಾಗಿ ಒತ್ತಾಗಿ ಸುತ್ತಿ, ತುದಿಯನ್ನ ಹಿಂದುಗಡೆ ಅಂಟಿಸಿ. ನೋಡಿದವರಿಗೆ ಅದು ಬಣ್ಣದ ಪಟ್ಟಿ, ಕೊಟ್ಟವರಿಗೂ ಪಡೆದವರಿಗೂ ಒಂದು ತಾರೀಕು. ಟೈಲರ್ ಅಂಗಡಿಯಲ್ಲಿ ಕೇಳಿದರೆ ಉಳಿದ ದಾರದ ರೀಲು ಸುಮ್ಮನೆ ಕೊಡುವವರೂ ಇದ್ದಾರೆ. ಇದೇ ಹುರುಪಿನಲ್ಲಿ ಹಳೆಯ ಸರ್ಕ್ಯೂಟ್ ಬೋರ್ಡು ಕತ್ತರಿಸಿ ಕಿವಿಯೋಲೆ, ಕೀಚೈನ್ ಮಾಡಲು ಮಾತ್ರ ಹೋಗಬೇಡಿ. ಹಳೆಯ ಬೋರ್ಡುಗಳ ಬೆಸುಗೆಯಲ್ಲಿ ಸೀಸ ಇರ್ತದೆ, ಉಜ್ಜಿದಾಗ ಏಳುವ ಧೂಳೂ ಒಳ್ಳೆಯದಲ್ಲ.

*ಮೂರು, ಕರಟ.* ತೆಂಗಿಲ್ಲದ ಮನೆ ನಮ್ಮ ಕಡೆ ಎಲ್ಲಿದೆ? ಮೆಸ್ಸಿನ ಹಿಂದೆಯೂ ದಿನಾ ಬುಟ್ಟಿಗಟ್ಟಲೆ ಕರಟ ಒಲೆಗೋ ಕಸಕ್ಕೋ ಹೋಗ್ತದೆ. ಕಣ್ಣಿಲ್ಲದ ಕಡೆಯ ಅರ್ಧ ಆರಿಸಿಕೊಳ್ಳಿ. ಒಳಗೆ ಉಳಿದ ಕಾಯಿಯನ್ನ ಬಿಸಿಲಿಗೆ ಒಣಗಿಸಿ ಕೆರೆದು ತೆಗೀರಿ, ಹೊರಗಿನ ನಾರನ್ನ ಮೊಂಡು ಚಾಕುವಿನಿಂದ ಹೆರೆಯಿರಿ. ಆಮೇಲೆ ಪಾಲಿಶ್ ಪೇಪರ್, ಮೊದಲು 80ರ ತರಿ, ಆಮೇಲೆ 150, ಕೊನೆಗೆ 320. ಈ ಕ್ರಮ ಹಾರಿಸಬೇಡಿ. 80ರ ಗೀರುಗಳನ್ನ 150 ತೆಗೀಬೇಕು, 150ರದ್ದನ್ನ 320. ನೇರ 320 ಹಿಡಿದರೆ ಕೈ ಸೋಲ್ತದೆ, ಹೊಳಪು ಬರುವುದಿಲ್ಲ. ಕರಟದ ಧೂಳು ಗಂಟಲಿಗೆ ಹೋಗದ ಹಾಗೆ ಮಾಸ್ಕ್ ಹಾಕ್ಕೊಳ್ಳಿ. ಕೊನೆಗೆ ಎರಡು ಹನಿ ತೆಂಗಿನೆಣ್ಣೆ ಹಚ್ಚಿ ಬಟ್ಟೆಯಲ್ಲಿ ತಿಕ್ಕಿದರೆ ಕಂದು ಬಣ್ಣದ ಒಳಗಿನ ಗೆರೆಗಳೆಲ್ಲ ಎದ್ದು ಬರ್ತವೆ. ಇನ್ನೊಂದು ಕರಟದಿಂದ ಒಂದು ಬೆರಳಗಲದ ಬಳೆ ಕೊಯ್ದು ಅಡಿಗೆ ಅಂಟಿಸಿದರೆ ಮೇಜಿನ ಮೇಲೆ ನೆಟ್ಟಗೆ ಕೂರುವ ಬಟ್ಟಲು. ಅಂಚಿಗೆ ಎದುರುಬದುರು ಎರಡು ತೂತು ಕೊರೆದು ಬಿದಿರಿನ ಕಡ್ಡಿ ತೂರಿಸಿದರೆ ಅಜ್ಜಿ ಕಾಲದ ಸೌಟು. ಸೌಟನ್ನ ಗೆಳೆಯನಿಗಿಂತ ಗೆಳೆಯನ ಅಮ್ಮನಿಗೆ ಕೊಟ್ಟು ನೋಡಿ, ಮುಂದಿನ ರಜೆಯಲ್ಲಿ ಅವರ ಮನೆ ಊಟ ಖಾತ್ರಿ.

*ನಾಲ್ಕು, ಹಾಳೆ ಬೀಸಣಿಗೆ.* ಅಡಿಕೆ ಮರದಿಂದ ಹಾಳೆ ತಾನಾಗೇ ಉದುರ್ತದೆ, ಕಡಿಯುವುದೇನೂ ಬೇಡ. ತೋಟ ಇರುವ ಸಹಪಾಠಿಗೆ ಹೇಳಿದರೆ ಸೋಮವಾರ ಬರುವಾಗ ನಾಲ್ಕು ತರ್ತಾನೆ. ನೀರಲ್ಲಿ ನೆನೆಸಿದರೆ ಬಟ್ಟೆಯ ಹಾಗೆ ಬಗ್ಗುತ್ತದೆ. ಒರೆಸಿ, ಬೇಕಾದ ಆಕಾರಕ್ಕೆ ಕತ್ತರಿಸಿ, ಮೇಲೆ ದಪ್ಪ ಟೆಕ್ಸ್ಟ್‌ಬುಕ್ ಹೇರಿ ಒಣಗಿಸಿ. ಆ ಪುಸ್ತಕಗಳು ಸೆಮಿಸ್ಟರಿನಲ್ಲಿ ಒಂದು ಸಲವಾದರೂ ಉಪಯೋಗಕ್ಕೆ ಬಂದ ಹಾಗಾಯ್ತು. ಅಂಚಿಗೆ ಹಳೆಯ ಸೀರೆಯ ಪಟ್ಟಿ ಹೊಲಿದರೆ ಬೀಸಣಿಗೆ. ಏಪ್ರಿಲ್ ತಿಂಗಳ ಸೆಕೆಯಲ್ಲಿ, ಕರೆಂಟ್ ಹೋದ ರಾತ್ರಿಯಲ್ಲಿ ಇದರ ಬೆಲೆ ಗೊತ್ತಾಗ್ತದೆ. ಮಳೆಗಾಲದಲ್ಲಿ ಮಾತ್ರ ಪೂರ್ತಿ ಒಣಗಿಸದೆ ಕೊಟ್ಟರೆ ಬೂಷ್ಟು ಹಿಡೀತದೆ.

ಸಮುದ್ರದಿಂದ ಏನನ್ನ ತರಬಾರದು

ಮಾವಳ್ಳಿ ಅಂದಾಗ ಕೆಲವರಿಗೆ ಹೊಳೀಲಿಕ್ಕಿಲ್ಲ, ಮುರ್ಡೇಶ್ವರ ಅಂದರೆ ಎಲ್ಲರಿಗೂ ಗೊತ್ತು. ಆ ದೇವಸ್ಥಾನ, ಆ ಸಮುದ್ರ ತೀರ ಇರುವುದು ಮಾವಳ್ಳಿಯಲ್ಲೇ. ಅಲ್ಲಿಗೆ ಬಂದವರು ಚಿಪ್ಪಿನ ಸರ, ಚಿಪ್ಪಿನ ಗಣಪತಿ ಕೊಂಡು ಹೋಗುವುದನ್ನ ನೋಡಿ, ನಾವೂ ಚಿಪ್ಪು ಹೆಕ್ಕಿ ಏನಾದರೂ ಮಾಡೋಣ ಅನ್ನಿಸುವುದು ಸಹಜ. ಒಡೆದ, ಸವೆದ ನಾಲ್ಕಾರು ಚಿಪ್ಪು ತಂದರೆ ತೊಂದರೆ ಇಲ್ಲ. ಆದರೆ ಇಡಿಯಾಗಿರುವ ಶಂಖದಂಥ ಚಿಪ್ಪನ್ನ ಅಲ್ಲೇ ಬಿಡಿ. ಸನ್ಯಾಸಿ ಏಡಿಗೆ ಅದೇ ಮನೆ. ಅದರ ಮೈ ಬೆಳೆದ ಹಾಗೆ ದೊಡ್ಡ ಚಿಪ್ಪು ಹುಡುಕಿಕೊಂಡು ಮನೆ ಬದಲಾಯಿಸ್ತದೆ.

ಹವಳದ ತುಂಡು, ಕಡಲಕುದುರೆ ಯಾರಾದರೂ ಕೊಟ್ಟರೂ ಬೇಡ ಅನ್ನಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅವಕ್ಕೆ ರಕ್ಷಣೆ ಇದೆ. ನಮ್ಮ ತೀರದಿಂದ ಕಾಣುವ ನೇತ್ರಾಣಿ ನಡುಗಡ್ಡೆಯ ಸುತ್ತ ಹವಳ ಇದೆ, ಅದನ್ನ ನೋಡಲಿಕ್ಕೇ ದೂರದೂರಿನಿಂದ ಜನ ಸ್ಕೂಬಾ ಡೈವಿಂಗಿಗೆ ಬರ್ತಾರೆ. ಪುಕ್ಕಟೆ ಸಿಗ್ತದೆ ಅಂದ ಮಾತ್ರಕ್ಕೆ ಎಲ್ಲವೂ ನಮ್ಮ ಉಡುಗೊರೆಯ ಸಾಮಾನಲ್ಲ.

ಕೇಳಿಬರುವ ಮಾತುಗಳು

"ಇಂಟರ್ನಲ್ಸ್ ನಡುವೆ ಇದಕ್ಕೆಲ್ಲ ಟೈಮ್ ಎಲ್ಲಿದೆ?" ನ್ಯಾಯವಾದ ಪ್ರಶ್ನೆ. ಹೊನ್ನಾವರದಿಂದಲೋ ಕುಮಟಾದಿಂದಲೋ ದಿನಾ ಬಸ್ಸಿನಲ್ಲಿ ಬರುವವರ ಎರಡು ತಾಸು, ಮನೆಗೆ ಹೋಗಿ ಅಂಗಡಿಯಲ್ಲಿ ಕೂರಬೇಕಾದವರ ಎರಡು ತಾಸು, ಹಾಸ್ಟೆಲ್ಲಿನವರ ಎರಡು ತಾಸಿಗಿಂತ ದುಬಾರಿ. ಅದಕ್ಕೇ 11 ಜನ 11 ಉಡುಗೊರೆ ಮಾಡಬೇಕಾಗಿಲ್ಲ. ಒಂದು ಹುಟ್ಟುಹಬ್ಬಕ್ಕೆ ಇಬ್ಬರು ಮಾಡಿದರೆ ಸಾಕು, ಸರದಿ ಇಟ್ಟುಕೊಂಡರೆ ಒಬ್ಬೊಬ್ಬರಿಗೆ ವರ್ಷಕ್ಕೆ ಎರಡು ಸಲ ಬರ್ತದೆ. ವರ್ಷಕ್ಕೆ ನಾಲ್ಕು ತಾಸು. ರೀಲ್ಸ್ ನೋಡುವ ಲೆಕ್ಕ ನಾವು ಇಲ್ಲಿ ತೆಗೆಯುವುದಿಲ್ಲ, ನಿಮ್ಮ ಫೋನೇ ಹೇಳ್ತದೆ.

"ನನಗೆ ಕೈಕೆಲಸ ಬರುವುದಿಲ್ಲ" ಅನ್ನುವವರಿಗೆ ಒಂದು ಪ್ರಶ್ನೆ. ವರ್ಕ್‌ಶಾಪ್ ಲ್ಯಾಬಿನಲ್ಲಿ ಹ್ಯಾಕ್‌ಸಾ ಹಿಡಿದು, ಅರ ಹಾಕಿ, ವೈಸಿನಲ್ಲಿ ತುಂಡು ಬಿಗಿದು ಫಿಟ್ಟಿಂಗ್ ಜಾಯಿಂಟ್ ಮಾಡಿದವರು ಯಾರು? ಆಮೇಲೆ ಪದವಿ ಮುಗಿಯುವವರೆಗೆ ಎಷ್ಟೋ ಜನರ ಕೈ ಕೀಬೋರ್ಡ್ ಬಿಟ್ಟು ಬೇರೇನೂ ಮುಟ್ಟುವುದಿಲ್ಲ. ಮುಂದೆ ಯಂತ್ರ ಮಾಡ್ತೇವೆ, ಮನೆ ಕಟ್ತೇವೆ ಅನ್ನುವವರಿಗೆ ಒಂದು ಕರಟ ಎಷ್ಟು ಗಟ್ಟಿ, ಎಲ್ಲಿ ಸೀಳ್ತದೆ ಅಂತ ಬೆರಳಿಗೆ ಗೊತ್ತಾದರೆ ನಷ್ಟ ಏನಿಲ್ಲ.

"ದುಡ್ಡಿಲ್ಲದವರು ಮಾಡಲಿ, ಇದ್ದವರು ಕೊಳ್ಳಲಿ" ಅನ್ನುವ ಮಾತೂ ಬರ್ತದೆ. ಇದನ್ನ ಮಾತ್ರ ನಾವು ಒಪ್ಪುವುದಿಲ್ಲ. ಹಾಗಾದರೆ ಕೈಯಲ್ಲಿ ಮಾಡಿದ್ದು ಬಡತನದ ಗುರುತಾಗ್ತದೆ, ಖಾಲಿ ಜಾಗದ ಬದಲು ಕರಟ ಬಂತು ಅಷ್ಟೇ. ನಿಯಮ ಎಲ್ಲರಿಗೂ ಇದ್ದಾಗ ಮಾತ್ರ ಅದಕ್ಕೆ ಅರ್ಥ. ಮುಯ್ಯಾಳಿಗೆ ಶ್ರೀಮಂತನೂ ಗದ್ದೆಗೆ ಇಳೀಬೇಕಿತ್ತು, ಆಳು ಕಳಿಸಿ ಜಗುಲಿಯಲ್ಲಿ ಕೂತರೆ ಅದು ಮುಯ್ಯಾಳಿನ ಮನಸ್ಸಲ್ಲ.

ಕಸುಬಿನವರ ಹತ್ತಿರ ಚೌಕಾಸಿ ಬೇಡ

ಇನ್ನೊಂದು ಅನುಮಾನ ನಮ್ಮಲ್ಲೇ ಚರ್ಚೆಗೆ ಬಂತು. ಎಲ್ಲರೂ ತಾವೇ ಮಾಡಿಕೊಂಡರೆ ಕೈಕಸುಬು ನಂಬಿದವರ ಗತಿ ಏನು? ಕುಮಟಾ, ಹೊನ್ನಾವರ, ಶಿರಸಿ, ಘಟ್ಟದ ಮೇಲಿನ ಸಾಗರ, ಸೊರಬ ಕಡೆಯ ಗುಡಿಗಾರರು ತಲೆಮಾರುಗಳಿಂದ ಗಂಧದ ಕೆತ್ತನೆಗೆ ಹೆಸರಾದವರು. ಅದೇ ಸಮುದಾಯದವರು ನೀರಿನಲ್ಲಿ ಬೆಳೆಯುವ ಬೆಂಡಿನಿಂದ ಮದುವೆಯ ಬಾಸಿಂಗವನ್ನೂ ಮಾಡ್ತಾರೆ. ಒಂದು ಕಡೆ ಗ್ರಾಮಿನ ಲೆಕ್ಕದಲ್ಲಿ ಬೆಲೆ ಕಟ್ಟುವ ಮರ, ಇನ್ನೊಂದು ಕಡೆ ಕಾಡುಗಿಡದ ತಿರುಳು. ಎರಡಕ್ಕೂ ಬೆಲೆ ಬಂದದ್ದು ಕೈಯಿಂದ.

ನಮ್ಮ ಎರಡು ತಾಸಿನ ಕರಟಕ್ಕೂ ಅವರ ಕಸುಬಿಗೂ ಸ್ಪರ್ಧೆಯೇ ಇಲ್ಲ. ನಮ್ಮ ಲೆಕ್ಕದಲ್ಲಿ ಆಗುವುದು ತಿರುಗುಮುರುಗು. ಒಂದು ಕರಟವನ್ನ ನಯ ಮಾಡಲು ಬೆರಳ ತುದಿ ಉರಿಸಿಕೊಂಡವರಿಗೆ, ಅಂಗೈ ಅಗಲದ ಕೆತ್ತನೆಯ ಬೆಲೆ ಯಾಕೆ ಅಷ್ಟು ಅಂತ ಯಾರೂ ಹೇಳಿಕೊಡಬೇಕಾಗಿಲ್ಲ. ಮಂಗಳೂರಿನಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯ, 1952ರಲ್ಲಿ ಶುರುವಾದ ಅಖಿಲ ಭಾರತ ಕರಕುಶಲ ಮಂಡಳಿಯನ್ನ ಮುನ್ನಡೆಸಿ, ದೇಶದ ಕುಶಲಕರ್ಮಿಗಳಿಗೆ ಮಾರುಕಟ್ಟೆಯೂ ಮರ್ಯಾದೆಯೂ ಸಿಗಲಿ ಅಂತ ದುಡಿದರು. ಆ ಮರ್ಯಾದೆಯಲ್ಲಿ ಕೊಳ್ಳುವವರದ್ದೂ ಒಂದು ಪಾಲಿದೆ. ಬ್ರಾಂಡ್ ಶೂಗೆ ಹೇಳಿದ ಬೆಲೆ ಕೊಟ್ಟು, ಹೂ ಕಟ್ಟಿ ಮಾರುವ ಅಮ್ಮನ ಹತ್ತಿರ ಐದು ರೂಪಾಯಿಗೆ ಚೌಕಾಸಿ ಮಾಡುವುದು ಯಾವ ಲೆಕ್ಕ? ಭಟ್ಕಳ ಮಲ್ಲಿಗೆಯ ಒಂದು ಮೊಳ ಕಟ್ಟಲಿಕ್ಕೆ ಕೂತು ನೋಡಿ. ಬಾಳೆನಾರು ಜಾರ್ತದೆ, ಮೊಗ್ಗು ಮುರೀತದೆ, ಅರ್ಧ ತಾಸು ಕಳೀತದೆ, ಆಗಿದ್ದು ನಾಲ್ಕು ಬೆರಳು.

ಕಾಲೇಜಿನ ಅತಿಥಿಗಳಿಗೆ, ನಿವೃತ್ತರಾಗುವ ಗುರುಗಳಿಗೆ ಸ್ಮರಣಿಕೆ ಕೊಡುವಾಗ ಅಕ್ರಿಲಿಕ್ ಫಲಕದ ಬದಲು ಇಲ್ಲಿಯ ಕುಶಲಕರ್ಮಿಗಳಿಂದ ಪೂರ್ತಿ ಬೆಲೆ ಕೊಟ್ಟು ತರೋಣ ಅನ್ನುವುದೂ ನಮ್ಮ ಒತ್ತಾಯ. ಗೆಳೆಯರಿಗೆ ನಾವೇ ಮಾಡಿದ್ದು, ದೊಡ್ಡವರಿಗೆ ಬಲ್ಲವರು ಮಾಡಿದ್ದು.

ಹಾಗಾದರೆ ಏನು ಮಾಡೋಣ?

ಮೊದಲನೆಯದು, ವಾಟ್ಸಾಪಿನ ಹಸಿರು ಟಿಕ್ ಪಟ್ಟಿ ನಿಲ್ಲಲಿ. ಯಾರು ಕೊಟ್ಟರು ಯಾರು ಬಿಟ್ಟರು ಅನ್ನುವುದು ಊರಿಗೆಲ್ಲ ಕಾಣಬೇಕಾಗಿಲ್ಲ. ಎರಡನೆಯದು, ಪ್ರತಿ ವಿಂಗಿನಲ್ಲಿ ಸರದಿಯ ಮೇಲೆ ಇಬ್ಬರು ಉಡುಗೊರೆ ಮಾಡಲಿ, ಸಾಮಾನಿನ ಖರ್ಚು 50 ರೂಪಾಯಿ ಒಳಗೆ. ಕೇಕ್ ಬೇಕೇ ಬೇಕು ಅನ್ನುವವರು ತಿನ್ನಲಿಕ್ಕೆ ತರಲಿ, ಬಳೀಲಿಕ್ಕಲ್ಲ. ಮೂರನೆಯದು, ಸಂಘದ ಕೋಣೆಯಲ್ಲಿ ಒಂದು ಪೆಟ್ಟಿಗೆ ಇಡ್ತೇವೆ. ಪಾಲಿಶ್ ಪೇಪರ್, ಸೂಜಿ, ದಪ್ಪ ದಾರ, ಫೆವಿಕಾಲ್, ಕತ್ತರಿ, ಒಂದು ಹ್ಯಾಕ್‌ಸಾ. ತಗೊಂಡವರು ಪುಸ್ತಕದಲ್ಲಿ ಹೆಸರು ಬರೆದು, ಕೆಲಸ ಮುಗಿದ ಮೇಲೆ ವಾಪಸ್ ಇಟ್ಟರೆ ಸಾಕು. ಸೆಮಿಸ್ಟರ್ ಕೊನೆಗೆ ನಿಮ್ಮ ಖಾಲಿ ಹಾಳೆಗಳನ್ನ ಅದೇ ಕೋಣೆಗೆ ತಂದು ಹಾಕಿ. ಗಂಟು ಹಾಕುವುದು ಗೊತ್ತಿಲ್ಲದಿದ್ದರೆ ಶನಿವಾರ ಮಧ್ಯಾಹ್ನ ಬನ್ನಿ, ಗೊತ್ತಿದ್ದವರು ಯಾರಾದರೂ ಇರ್ತಾರೆ.

ಮೊದಲ ಕರಟ ವಕ್ರ ಬರ್ತದೆ, ಮೊದಲ ನೋಟ್‌ಬುಕ್ಕಿನ ಅಂಚು ಓರೆ ಆಗ್ತದೆ. ಕೊಡಿ, ಪರವಾಗಿಲ್ಲ. ಪಡೆದವರೂ ತಮ್ಮ ಸರದಿ ಬಂದಾಗ ಅಷ್ಟೇ ಓರೆ ಮಾಡಿ ಇನ್ನೊಬ್ಬರಿಗೆ ಕೊಡ್ತಾರೆ. ಆ ರಾತ್ರಿ ಹೊದ್ದು ಮಲಗುವವನ ಬಾಗಿಲನ್ನೂ ಒಂದು ಸಲ ತಟ್ಟಿ, ದುಡ್ಡು ಕೇಳಲಿಕ್ಕಲ್ಲ, "ಹಾಳೆ ನೆನೆ ಹಾಕಿದ್ದೇವೆ, ಕತ್ತರಿಸಲಿಕ್ಕೆ ಬಾರೋ" ಅಂತ ಕರೀಲಿಕ್ಕೆ.